ಎರಡಂಗುಲ

ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳಿದವನು ನಾನು. ಒಂದು ಮಾತ್ರೆ ಹೆಚ್ಚಾದರೂ ಪದ್ಯ ಕುಂಟುತ್ತದೆಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಜೀಪಿನ ಎತ್ತರದಲ್ಲಿ ಎರಡಂಗುಲ ಹೆಚ್ಚಾದರೆ ಏನಾಗುತ್ತದೆಂಬುದನ್ನು ಅರಿಯುವುದಕ್ಕೆ ನಾನು ನಿವೃತ್ತನಾಗಿ ಊರಿಗೆ ಬಂದು, ಮೈಕೈಗೆಲ್ಲ ಗ್ರೀಸು ಮೆತ್ತಿಕೊಂಡು, ನಮ್ಮ ಮನೆಯ ಅಂಗಳದಲ್ಲಿ ಅಂಗಾತ ಮಲಗಬೇಕಾಯಿತು.

ಮೂಡಿಗೆರೆಯ ಕಡೆ ಮನೆಯೆಂದರೆ ನಾಲ್ಕು ಗೋಡೆ, ಹೆಂಚಿನ ಮಾಡು ಮಾತ್ರವಲ್ಲ. ಆ ಮನೆಗೆ ಹೋಗುವ ದಾರಿಯೂ ಮನೆಯ ಒಂದು ಭಾಗವೇ. ದಾರಿ ಕೆಟ್ಟರೆ ಮನೆಯೇ ಕೆಟ್ಟಂತೆ. ನಮ್ಮ ಮನೆ ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರು ಒಳಗಿದೆ. ಆ ಎರಡು ಕಿಲೋಮೀಟರುಗಳಲ್ಲಿ ತೊಡಕಿನ ಜಾಗಗಳು ಎರಡು. ಮೊದಲನೆಯದು ತೋಟದ ಗೇಟು ದಾಟಿದೊಡನೆ ಸಿಕ್ಕುವ ಏರು: ಚಕ್ರಗಳು ಹರಿದು ಹರಿದು ಎರಡು ಬದಿಗೂ ಕೊರಕಲು ಬಿದ್ದು, ನಡುವೆ ದಿಣ್ಣೆಯೊಂದು ಉಳಿದುಕೊಂಡಿದೆ; ಆ ದಿಣ್ಣೆಯಲ್ಲಿ ಒಂದು ಕಲ್ಲು ತಲೆಯೆತ್ತಿದೆ. ಎರಡನೆಯದು ಹಳ್ಳದ ಮೇಲಿನ ಓರೆ: ಗುಡ್ಡದ ಮಗ್ಗುಲನ್ನು ಕಡಿದು ಮಾಡಿದ ಆ ದಾರಿ ಹಳ್ಳದ ಕಡೆಗೆ ವಾಲಿಕೊಂಡಿದೆ. ಮಳೆಗಾಲ ಕಳೆದಂತೆಲ್ಲ ಮೊದಲನೆಯದರ ಕೊರಕಲು ಆಳವಾಗುತ್ತದೆ, ಎರಡನೆಯದರ ವಾಲು ಹೆಚ್ಚುತ್ತದೆ.

ಈ ದಾರಿಗೆ ಒಗ್ಗಿದ ವಾಹನವೆಂದರೆ ತಂದೆಯವರು 1988ರಲ್ಲಿ ಕೊಂಡ ಮಹೀಂದ್ರ ಜೀಪು. ಜೀಪೆಂಬುದು ಎರಡನೆಯ ಮಹಾಯುದ್ಧದ ಕೂಸು. ಅಮೆರಿಕದ ಸೇನೆಗಾಗಿ 1940–41ರಲ್ಲಿ ರೂಪು ತಳೆದ ಈ ಗಾಡಿಯನ್ನು ಆ ದಶಕದ ಕೊನೆಯ ವೇಳೆಗೆ ಮುಂಬಯಿಯಲ್ಲಿ ಜೋಡಿಸತೊಡಗಿದರು. ಯುದ್ಧಭೂಮಿಗೆಂದು ಹುಟ್ಟಿದ್ದು ಮಲೆನಾಡಿಗೆ ಬಂದು ಗೊಬ್ಬರ ಹೊತ್ತಿತು, ಕಾಫಿ ಮೂಟೆ ಹೊತ್ತಿತು, ದಿಬ್ಬಣವನ್ನೂ ಬಾಣಂತಿಯನ್ನೂ ಹೊತ್ತಿತು. ನಮ್ಮ ಜೀಪಿನ ಹಿಂಬದಿಯ ಬೆಂಚಿನ ಮೇಲೆ ನನ್ನ ಮದುವೆಯ ದಿನ ಹದಿಮೂರು ಮಂದಿ ಕುಳಿತಿದ್ದರೆಂದು ಅಮ್ಮ ಈಗಲೂ ಹೇಳುತ್ತಾಳೆ. ನಾನು ಎಣಿಸಿರಲಿಲ್ಲ, ಆ ದಿನ ನನ್ನ ಗಮನ ಬೇರೆ ಕಡೆ ಇತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ರಜೆ ಬಂದರೆ ಸ್ನೇಹಿತರೊಡನೆ ಗುಡ್ಡ ಹತ್ತಿಸುವ, ಕೆಸರಿಗಿಳಿಸುವ ಜೀಪಿನ ಆಟವೇ ಅವನ ವ್ಯಸನ. ಕಳೆದ ವರ್ಷ ಯುಗಾದಿಗೆ ಬಂದವನು ಗೇಟಿನ ಏರಿನಲ್ಲಿ ಜೀಪಿನ ಹೊಟ್ಟೆ ಕಲ್ಲಿಗೆ ಬಡಿದ ಸದ್ದು ಕೇಳಿ, “ಮಾವ, ಇದಕ್ಕೆ ಲಿಫ್ಟ್ ಹಾಕಬೇಕು. ಎರಡಿಂಚು ಎತ್ತಿದರೆ ಸಾಕು, ಮಳೆಗಾಲಕ್ಕೆ ಹೆದರಬೇಕಾಗಿಲ್ಲ” ಎಂದ. ಎರಡು ವಾರದಲ್ಲಿ ಪೆಟ್ಟಿಗೆಗಳು ಬಂದವು. ಗ್ಯಾರೇಜಿಗೆ ಒಯ್ಯೋಣವೆಂದರೆ ಅವನಿಗೆ ಅದು ಅವಮಾನ. ಮನೆಯಲ್ಲೇ ಮಾಡುವುದರಲ್ಲೇ ಸೊಗಸಂತೆ.

ಕೆಲಸ ಏನೆಂಬುದನ್ನು ವಾಚಕರಿಗೆ ಕೊಂಚ ವಿವರಿಸಬೇಕು. ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ನೇರವಾಗಿ ಮೈ ಕೂತಿರುತ್ತದೆ. ದಾರಿಯ ಪ್ರತಿ ಕಲ್ಲಿನ ಸುದ್ದಿಯೂ ಬೆನ್ನುಮೂಳೆಗೆ ತಲಪುತ್ತದೆ. ಕುದುರೆ ಗಾಡಿಗಳ ಕಾಲಕ್ಕೆ ಮನುಷ್ಯ ಈ ಎರಡರ ನಡುವೆ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಪೇರಿಸಿ ಇಟ್ಟ. ಒಬಡಯ ಎಲಿಯಟ್ ಎಂಬ ಲಂಡನ್ನಿನ ಗಾಡಿಗಾರ ಅಂಥ ಸ್ಪ್ರಿಂಗಿಗೆ 1804ರಲ್ಲಿ ಪೇಟೆಂಟು ಪಡೆದ. ಇನ್ನೂರು ವರ್ಷಗಳಾದರೂ ನಮ್ಮ ಜೀಪಿನ ಅಡಿಯಲ್ಲಿರುವುದು ಅದರ ವಂಶದ ಕುಡಿಯೇ. ಮೇಸ್ತ್ರಿಗಳು ಇದನ್ನು ಬ್ಲೇಡು ಎನ್ನುತ್ತಾರೆ. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಪಟ್ಟಿಗಳ ಬಾಗು ನೇರವಾಗುತ್ತದೆ. ನೇರವಾದಾಗ ಉದ್ದವೂ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ಎಡೆಗೊಡಲೆಂದು ಒಂದು ತುದಿಯನ್ನು ತೂಗಾಡುವ ಕೊಂಡಿಗೆ ಸಿಕ್ಕಿಸಿರುತ್ತಾರೆ. ಅದರ ಹೆಸರು ಶ್ಯಾಕಲ್. ಪಟ್ಟಿಗಳು ಒಂದನ್ನೊಂದು ಉಜ್ಜಿಕೊಂಡು ಜಾರುವಾಗ ಕುಲುಕಾಟದ ಒಂದಿಷ್ಟು ಕಸುವು ಅಲ್ಲೇ ಕರಗುತ್ತದೆ. ಇಷ್ಟು ಸರಳವಾದ, ಇಷ್ಟು ತಾಳ್ಮೆಯ ಇನ್ನೊಂದು ಯಂತ್ರವನ್ನು ನಾನು ಕಂಡಿಲ್ಲ.

ಗಾಡಿಯನ್ನು ಎತ್ತರಿಸುವುದಕ್ಕೆ ಹಲವು ದಾರಿಗಳಿವೆ. ಉದ್ದನೆಯ ಶ್ಯಾಕಲ್ ಹಾಕಬಹುದು. ಆದರೆ ಅದು ಪಟ್ಟಿಯ ಒಂದೇ ತುದಿಯನ್ನು ಎತ್ತುವುದರಿಂದ ಶ್ಯಾಕಲ್ ಎರಡಂಗುಲ ಉದ್ದವಾದರೆ ಗಾಡಿ ಏಳುವುದು ಒಂದೇ ಅಂಗುಲ. ಅಚ್ಚಿನ ಕೆಳಗಿರುವ ಪಟ್ಟಿಗಳನ್ನು ಅಚ್ಚಿನ ಮೇಲಕ್ಕೆ ತರಬಹುದು. ಅದು ಬೆಸುಗೆಯ ಕೆಲಸ, ಎತ್ತರವೂ ವಿಪರೀತ. ಅಳಿಯ ಆರಿಸಿದ್ದು ಮೂರನೆಯದು: ಹೆಚ್ಚು ಬಾಗಿನ ಹೊಸ ಪಟ್ಟಿಗಳು, ಅವಕ್ಕೆ ತಕ್ಕ ಉದ್ದನೆಯ ಶಾಕ್ ಅಬ್ಸಾರ್ಬರುಗಳು.

ಶನಿವಾರ ಬೆಳಗ್ಗೆ ಕೆಲಸಕ್ಕೆ ಕೈಹಚ್ಚಿದೆವು. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಜೀಪನ್ನು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಿಂದ ಎತ್ತಿ, ಚಾಸಿಯ ಅಡಿಗೆ ಉಕ್ಕಿನ ಸ್ಟ್ಯಾಂಡುಗಳನ್ನು ಇಟ್ಟೆವು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸಿಯಬಾರದು. ಜಾಕಿ ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ. ಈ ವಿಷಯದಲ್ಲಿ ಅಳಿಯ ನನಗಿಂತ ಕಟ್ಟುನಿಟ್ಟು. ಸ್ಟ್ಯಾಂಡು ಇಟ್ಟ ಮೇಲೂ ಬಿಚ್ಚಿದ ಚಕ್ರವನ್ನು ಚಾಸಿಯ ಅಡಿಗೆ ಅಡ್ಡ ಮಲಗಿಸಿದ. “ಎಲ್ಲ ಬಿದ್ದರೂ ಇದರ ಮೇಲೆ ಬೀಳಲಿ, ನಮ್ಮ ಮೇಲಲ್ಲ” ಎಂದ. ಮನೆಯಲ್ಲಿ ಈ ಕೆಲಸ ಮಾಡಹೊರಟವರು ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು.

ಆಮೇಲೆ ಶುರುವಾಯಿತು ತುಕ್ಕಿನೊಡನೆ ಯುದ್ಧ. ಅಚ್ಚನ್ನೂ ಪಟ್ಟಿಗಳನ್ನೂ ಬಿಗಿದಪ್ಪಿರುವ ಯು-ಬೋಲ್ಟುಗಳು ಮೂವತ್ತಕ್ಕೂ ಹೆಚ್ಚು ಮಳೆಗಾಲ ಕಂಡವು. ನಟ್ಟು ಎಲ್ಲಿ ಮುಗಿಯುತ್ತದೆ, ಬೋಲ್ಟು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಂತೆ ಒಂದಾಗಿಬಿಟ್ಟಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಸಿದ್ದರೂ ಎಂಟು ನಟ್ಟುಗಳಲ್ಲಿ ಮೂರು ಮಾತ್ರ ಜಗ್ಗಿದವು. ಸ್ಪಾನರಿಗೆ ಕಬ್ಬಿಣದ ಕೊಳವೆ ತೂರಿಸಿ ಇಬ್ಬರೂ ತೂಗಿದರೆ ಇನ್ನೆರಡು ಕರ್ರೆಂದು ಕೂಗಿ ತಿರುಗಿದವು. ಉಳಿದವನ್ನು ಗರಗಸದಿಂದ ಕೊಯ್ಯಬೇಕಾಯಿತು. ಅದಕ್ಕಾಗಿ ಮರುಗಬೇಕಾಗಿರಲಿಲ್ಲ. ಯು-ಬೋಲ್ಟನ್ನು ಒಮ್ಮೆ ಬಿಗಿದರೆ ಅದು ಹಿಗ್ಗಿ ತನ್ನ ಸತ್ವ ಕಳೆದುಕೊಳ್ಳುತ್ತದೆ, ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ಜಗಲಿಯ ಮೇಲೆ ಅವರೆಕಾಳು ಸುಲಿಯುತ್ತ ಕುಳಿತಿದ್ದ ಅಮ್ಮ ನಮ್ಮ ಏದುಸಿರನ್ನು ಕೇಳಿ, “ಅಲ್ಲ ಮಾರಾಯ, ಅದು ನೆಟ್ಟಗಿತ್ತಲ್ಲ, ಎಂಥಕ್ಕೆ ಕಿತ್ತು ಹಾಕ್ತಿದ್ದೀರಿ?” ಎಂದಳು. ಇಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಹೊಸ ಕಟ್ಟನ್ನು ಕೂರಿಸುವಾಗ ಕೌಶಲಕ್ಕಿಂತ ತಾಳ್ಮೆ ಬೇಕು. ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಆಸನದಲ್ಲಿರುವ ರಂಧ್ರದೊಳಗೆ ಸರಿಯಾಗಿ ಕೂರಬೇಕು. ಒಂದು ನೂಲಿನಷ್ಟು ಆಚೆಯಾದರೂ ಅಚ್ಚು ಓರೆಯಾಗಿ ಗಾಡಿ ಏಡಿಯಂತೆ ಓಡುತ್ತದೆ. ಪಟ್ಟಿಯ ತುದಿಗಳಲ್ಲಿರುವ ರಬ್ಬರಿನ ಬುಷ್ಷುಗಳ ಬೋಲ್ಟನ್ನು ಗಾಡಿ ಗಾಳಿಯಲ್ಲಿರುವಾಗ ಬಿಗಿಯಕೂಡದು. ಚಕ್ರ ತೊಡಿಸಿ, ನೆಲಕ್ಕಿಳಿಸಿ, ಗಾಡಿಯ ಭಾರ ಅದರ ಕಾಲ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ನಾವು ಹಿಂಬದಿಯಲ್ಲಿ ಮರೆತು, ಮುಂಬದಿಯಲ್ಲಿ ನೆನಪಾಗಿ, ಮತ್ತೆ ಹಿಂದಕ್ಕೆ ಹೋಗಿ ಸಡಿಲಿಸಿದೆವು.

ಭಾನುವಾರ ಸಂಜೆಗೆ ಜೀಪು ನಾಲ್ಕು ಕಾಲ ಮೇಲೆ ನಿಂತಿತು. ಅಳಿಯ ಟೇಪು ಹಿಡಿದು ನೆಲದಿಂದ ಚಾಸಿಯವರೆಗೆ ಅಳೆದ. ಮೊದಲಿಗಿಂತ ಮೂರಂಗುಲ! ಎರಡಕ್ಕೆಂದು ತಂದದ್ದು ಮೂರಾದುದು ಹೇಗೆ? ಯೋಚಿಸಿದ ಮೇಲೆ ಅರ್ಥವಾಯಿತು: ಹಳೆಯ ಪಟ್ಟಿಗಳು ಭಾರ ಹೊತ್ತು ಹೊತ್ತು ತಮ್ಮ ಬಾಗನ್ನೇ ಕಳೆದುಕೊಂಡು ಒಂದಂಗುಲ ಕುಸಿದಿದ್ದವು. ಅಂದರೆ ಜೀಪು ಕುಳ್ಳಾಗಿ ಹುಟ್ಟಿದುದಲ್ಲ, ಮುದುಕಾಗಿ ಬಗ್ಗಿದುದು. ಆ ಹೊತ್ತಿನ ಉತ್ಸಾಹದಲ್ಲಿ ಈ ಸಂಗತಿಯನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂಗಳದಲ್ಲಿ ಎದೆ ಸೆಟೆಸಿ ನಿಂತ ಗಾಡಿಯನ್ನು ನೋಡಿ ನನಗೂ ಹೆಮ್ಮೆಯೇ ಆಯಿತೆಂಬುದನ್ನು ಮುಚ್ಚಿಡಲಾರೆ.

ಮರುದಿನ ಮೂಡಿಗೆರೆಯಿಂದ ಹಳೆಯ ಮೇಸ್ತ್ರಿ ಬಂದರು. ತಂದೆಯವರ ಕಾಲದಿಂದ ಈ ಜೀಪಿನ ನಾಡಿ ಹಿಡಿದವರು ಅವರು. ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ನೋಡಿ, “ಚೆನ್ನಾಗಿ ಕೂರಿಸಿದ್ದೀರಿ ಮೇಷ್ಟ್ರೇ. ಆದರೆ ಕಲ್ಲಿಗೆ ಬಡೀತಿದ್ದದ್ದು ಯಾವುದು?” ಎಂದರು. ಹಿಂದಿನ ಅಚ್ಚಿನ ನಡುವೆ ತಂಬಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಎಂದೆ. “ಅದು ಎಷ್ಟು ಮೇಲಕ್ಕೆ ಹೋಗಿದೆ?”

ನಾನು ಬಗ್ಗಿ ನೋಡಿದೆ. ಅದು ಎಳ್ಳಷ್ಟೂ ಮೇಲಕ್ಕೆ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಪಟ್ಟಿಗಳು ಎತ್ತುವುದು ಅಚ್ಚಿನ ಮೇಲಿರುವ ಮೈಯನ್ನು; ಅಚ್ಚು ಚಕ್ರದ ನಡುವಿನಲ್ಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಅಚ್ಚು ಏಳಬೇಕಾದರೆ ದೊಡ್ಡ ಟೈರು ಹಾಕಬೇಕು, ಅದೂ ಟೈರಿನ ಅಡ್ಡಳತೆ ಎರಡಂಗುಲ ಬೆಳೆದರೆ ಅಚ್ಚು ಏಳುವುದು ಒಂದೇ ಅಂಗುಲ. ಅಳಿಯನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಫೋನಿನಲ್ಲಿ ಕೇಳಿದಾಗ, “ಟೈರು ಮುಂದಿನ ಕಂತು ಮಾವ. ಲಿಫ್ಟ್ ಇಲ್ಲದಿದ್ದರೆ ಆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ” ಎಂದ. ಅವನ ಮಾತು ನಿಜ. ಕಡಿದಾದ ದಿಣ್ಣೆ ಹತ್ತುವಾಗ ಬಂಪರು ನೆಲಕ್ಕೆ ತಾಗದಿರುವುದು, ನಡುವಿನ ಹೊಟ್ಟೆ ಸಿಕ್ಕಿಕೊಳ್ಳದಿರುವುದು, ಚಕ್ರಗಳು ಗುಂಡಿಗೆ ಆಳವಾಗಿ ಇಳಿದೇಳುವುದು ಇವೆಲ್ಲ ಲಾಭವೇ. ಆದರೆ ಆ ಲಾಭಗಳಲ್ಲಿ ನನ್ನ ಕಲ್ಲು ಸೇರಿರಲಿಲ್ಲ.

ಮೇಸ್ತ್ರಿ ಸುಮ್ಮನಾಗಲಿಲ್ಲ. ಹಿಂಭಾಗವನ್ನು ಜಾಕಿಯಿಂದ ಎತ್ತಿಸಿ, ಚಕ್ರಗಳು ಜೋತುಬಿದ್ದಾಗ ಬ್ರೇಕಿನ ರಬ್ಬರು ಹೋಸನ್ನು ಬೆರಳಿನಿಂದ ಮೀಟಿ ತೋರಿಸಿದರು. ಚಾಸಿಯಿಂದ ಅಚ್ಚಿಗೆ ಹೋಗುವ ಆ ಹೋಸು ವೀಣೆಯ ತಂತಿಯಂತೆ ಬಿಗಿದಿತ್ತು. ಒಂದು ಆಳವಾದ ಗುಂಡಿಗೆ ಚಕ್ರ ಇಳಿದಿದ್ದರೆ ಅದು ಕಿತ್ತು ಬರುತ್ತಿತ್ತು. ಬ್ರೇಕಿನ ಎಣ್ಣೆ ಹಳ್ಳದ ಪಾಲಾಗುತ್ತಿತ್ತು. ಮನೆಯಲ್ಲಿ ಕೆಲಸ ಮಾಡಿದ ನಮ್ಮಿಬ್ಬರ ನಾಲ್ಕು ಕಣ್ಣುಗಳಿಗೂ ಕಾಣದಿದ್ದುದು ಇದೇ. ಗಾಡಿ ನಿಂತಿದ್ದಾಗ ಅದು ಸಡಿಲವಾಗಿಯೇ ಇತ್ತು. ಆ ದಿನವೇ ಉದ್ದನೆಯ ಹೋಸುಗಳು ಬಂದವು.

ಇನ್ನು ಪ್ರೊಪೆಲ್ಲರ್ ಶಾಫ್ಟಿನ ಕತೆ. ಗೇರುಪೆಟ್ಟಿಗೆಯಿಂದ ಅಚ್ಚಿಗೆ ಬಲ ಒಯ್ಯುವ ಆ ಕೊಳವೆಯ ಎರಡು ತುದಿಗಳಲ್ಲಿ ಎರಡು ಕೀಲುಗಳಿವೆ. ಬಾಗಿದ ಕೀಲಿಗೊಂದು ವಿಚಿತ್ರ ಗುಣವುಂಟು: ಈಚೆ ಸಮವೇಗದಲ್ಲಿ ತಿರುಗಿಸಿದರೆ ಆಚೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. ಇನ್ನೊಂದು ಕೀಲೂ ಅಷ್ಟೇ ಬಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ, ಸಮನಾಗಿಲ್ಲದಿದ್ದರೆ ನಡುಕ. ಗಾಡಿಯ ಮೈ ಮೇಲೆದ್ದಾಗ ಈ ಬಾಗುಗಳೂ ಹೆಚ್ಚಿ, ನಲವತ್ತು ಕಿಲೋಮೀಟರು ವೇಗ ದಾಟಿದೊಡನೆ ನಮ್ಮ ಜೀಪಿಗೆ ಚಳಿಜ್ವರ ಬಂದಂತಾಗುತ್ತಿತ್ತು. ಪಟ್ಟಿಗೂ ಅಚ್ಚಿಗೂ ನಡುವೆ ಓರೆಯಾದ ಬೆಣೆ ಕೊಟ್ಟು ಮೇಸ್ತ್ರಿ ಅದನ್ನು ಇಳಿಸಿದರು. ಸ್ಟೇರಿಂಗಿನ ಕಡ್ಡಿಗಳ ಓರೆಯೂ ಬದಲಾಗಿದ್ದುದರಿಂದ ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ಒಂದಿಷ್ಟು ಪಕ್ಕಕ್ಕೆ ಎಳೆಯುತ್ತಿತ್ತು. ಅದಕ್ಕೆ ನಾನೇ ಒಗ್ಗಿಕೊಂಡೆ.

ಒಗ್ಗದವಳು ಅಮ್ಮ. ಎಂಬತ್ತೆರಡು ವರ್ಷದ ಅವಳು ತಿಂಗಳಿಗೊಮ್ಮೆ ಮೂಡಿಗೆರೆಯ ಆಸ್ಪತ್ರೆಗೆ ಹೋಗಬೇಕು. ಕಂಬಿ ಹಿಡಿದು, ಒಂದು ಕಾಲಿಟ್ಟು, ಹೂಂ ಎಂದು ಏರಿ ಕೂರುವುದು ಅವಳ ಅಭ್ಯಾಸ. ಮೂರಂಗುಲ ಎಂಬುದು ಯುವಕರಿಗೆ ಲೆಕ್ಕವೇ ಅಲ್ಲ. ಮೊಳಕಾಲು ನೋಯುವವರಿಗೆ ಅದೊಂದು ಪರ್ವತ. ಎರಡು ಸಲ ಯತ್ನಿಸಿ ಸೋತು, ಸೆರಗಿನಿಂದ ಮುಖ ಒರೆಸಿಕೊಂಡು, “ಇದು ನನ್ನ ಗಾಡಿ ಅಲ್ಲ ಬಿಡು” ಎಂದು ಒಳಗೆ ಹೋದಳು. ಆ ತಿಂಗಳು ಆಸ್ಪತ್ರೆಗೆ ಹೋಗಲೇ ಇಲ್ಲ. ಮುಂದಿನ ತಿಂಗಳು ಮಣೆಯ ಮೇಲೆ ಮಣೆ ಇಟ್ಟು ಹತ್ತಿಸಿದೆವು. ಅವಳು ಒಂದು ಮಾತೂ ಆಡಲಿಲ್ಲ.

ಅಳಿಯ ಮತ್ತೆ ಬಂದಾಗ ನಾನು ವಾಲುವ ವಿಷಯ ಎತ್ತಿದೆ. ಅವನು ಕಾಗದದ ಮೇಲೆ ಬರೆದು ತೋರಿಸಿದ. ಗಾಡಿಯ ಎರಡು ಚಕ್ರಗಳ ನಡುವಿನ ಅಗಲ 48 ಅಂಗುಲವೆಂದು ಹಿಡಿದರೆ ಅರ್ಧ 24. ಗುರುತ್ವಕೇಂದ್ರ ನೆಲದಿಂದ 26 ಅಂಗುಲ ಮೇಲಿದೆಯೆಂದು ಊಹಿಸಿದರೆ ಗಾಡಿ ಸುಮಾರು 43 ಡಿಗ್ರಿ ಓರೆಯಾಗುವವರೆಗೆ ಉರುಳದು. ಆ ಕೇಂದ್ರ 28 ಅಂಗುಲಕ್ಕೇರಿದರೆ 41 ಡಿಗ್ರಿ. “ಎರಡೇ ಡಿಗ್ರಿ ವ್ಯತ್ಯಾಸ ಮಾವ” ಎಂದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಲೆಕ್ಕದ ಗಾಡಿ ಮರದ ಗೊಂಬೆಯಂತೆ ಗಟ್ಟಿಯಾದುದು. ನಿಜವಾದ ಗಾಡಿಯಲ್ಲಿ ತಗ್ಗಿನ ಕಡೆಯ ಪಟ್ಟಿ ಅಮುಕಿಕೊಳ್ಳುತ್ತದೆ, ಮೈ ಇನ್ನಷ್ಟು ವಾಲುತ್ತದೆ, ಒಳಗೆ ಕುಳಿತವರೂ ತಗ್ಗಿನತ್ತ ಜರುಗುತ್ತಾರೆ, ಚಕ್ರದಡಿಯ ಮಣ್ಣೂ ಕುಸಿಯುತ್ತದೆ. ಗಾಡಿ ಉರುಳುವುದು ಕಾಗದದ ಡಿಗ್ರಿಗಿಂತ ಬಹಳ ಮೊದಲೇ.

ಆರಿದ್ರೆ ಮಳೆ ಹಿಡಿದ ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಹನ್ನೊಂದು ಗಂಟೆ. ತೋಟದ ಲೈನಿನಿಂದ ಇಬ್ಬರು ಹುಡುಗರನ್ನು ಕರೆಸಿ, ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ಜೀಪಿನ ಮುಂದಿನ ಸೀಟಿಗೆ ದಾಟಿಸಿದೆವು. ಅಷ್ಟಕ್ಕೇ ಹತ್ತು ನಿಮಿಷ ಹಿಡಿಯಿತು. ಹಳ್ಳದ ಓರೆಗೆ ಬಂದಾಗ ಲೈಟಿನ ಬೆಳಕಿನಲ್ಲಿ ಕಂಡದ್ದು ಮಳೆಯ ಗೋಡೆಯೊಂದೇ. ಎಡಗಡೆ ಹಳ್ಳದ ಅಬ್ಬರ. ಮೊದಲ ಗೇರಿನಲ್ಲಿ ಅರ್ಧ ದಾರಿ ಹೋಗಿರಬಹುದು. ಎಡ ಚಕ್ರದಡಿ ಅಂಚಿನ ಮಣ್ಣು ಮೆತ್ತಗೆ ಜರಿಯಿತು. ಜೀಪು ವಾಲಿತು. ಅದೇ ಕ್ಷಣದಲ್ಲಿ ಸ್ಟೇರಿಂಗು ನನ್ನ ಕೈಯಲ್ಲಿ ಹಗುರಾಯಿತು. ಗುಡ್ಡದ ಕಡೆಯ ಮುಂಚಕ್ರ ನೆಲವನ್ನು ಬಿಡುತ್ತಿತ್ತು.

ಬ್ರೇಕು ತುಳಿದು ನಿಂತೆ. ಹಿಂದಿದ್ದ ಹುಡುಗರು ನಾನು ಹೇಳುವ ಮುಂಚೆಯೇ ಜಿಗಿದು, ಗುಡ್ಡದ ಕಡೆಯ ಕಂಬಿಗಳನ್ನು ಹಿಡಿದು ಹೊರಕ್ಕೆ ಜೋತುಬಿದ್ದರು. ದೋಣಿಯಲ್ಲಿ ಅಂಬಿಗರು ಮಾಡುವಂತೆ. ಅವರ ಭಾರಕ್ಕೆ ಚಕ್ರ ಮತ್ತೆ ಮಣ್ಣಿಗೆ ಕೂತಿತು. ಅಂಗುಲ ಅಂಗುಲವಾಗಿ ಮುಂದಕ್ಕೆ ಬಿಟ್ಟೆ. ಅಮ್ಮ ಕಣ್ಣುಮುಚ್ಚಿ ನನ್ನ ತೋಳು ಹಿಡಿದುಕೊಂಡಿದ್ದಳು. ಉಸಿರಿಗಾಗಿ ಹೋರಾಡುತ್ತಿದ್ದ ಆ ಕೈಯಲ್ಲಿ ಎಷ್ಟು ಬಲವಿತ್ತೆಂದರೆ ಮೂರು ದಿನ ನನ್ನ ತೋಳಿನಲ್ಲಿ ಅವಳ ಬೆರಳ ಗುರುತಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡಳು.

ಆ ವಾಲು ಮೂರಂಗುಲದ ದೆಸೆಯಿಂದಲೇ ಆಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹಳೆಯ ಜೀಪಾದರೂ ಆ ಮಣ್ಣಿನಲ್ಲಿ ವಾಲುತ್ತಿತ್ತು. ಆದರೆ ಆ ಚಕ್ರ ಏಳುವುದಕ್ಕೂ ಏಳದಿರುವುದಕ್ಕೂ ನಡುವೆ ಇದ್ದುದು ಅಳಿಯನ ಕಾಗದದ ಎರಡು ಡಿಗ್ರಿಗಳೇ ಇರಬಹುದೆಂಬ ಸಂಶಯವನ್ನು ಹೊತ್ತುಕೊಂಡು ಮತ್ತೆ ಆ ದಾರಿಯಲ್ಲಿ ಅಮ್ಮನನ್ನು ಕೂರಿಸಿ ಹೋಗುವ ಎದೆ ನನಗಿರಲಿಲ್ಲ. ಕಾನೂನಿನ ಸಂಗತಿ ತಿಳಿದದ್ದೂ ಆ ದಿನಗಳಲ್ಲೇ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಟನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ವಕೀಲ ಮಿತ್ರರೊಬ್ಬರು ಇದನ್ನು ಹೇಳಿ ನಕ್ಕರು. ನಾನು ನಗಲಿಲ್ಲ. ಕಾನೂನು ಬರೆದವರು ನಮ್ಮ ಹಳ್ಳದ ಓರೆಯನ್ನು ಕಂಡಿರಲಾರರು; ಕಂಡಿದ್ದರೂ ಬೇರೆ ಬರೆಯುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ಹಳೆಯ ಪಟ್ಟಿಗಳನ್ನು ಅಟ್ಟದಿಂದ ಇಳಿಸಿ ಹಾಸನದ ಕುಲುಮೆಯೊಂದಕ್ಕೆ ಒಯ್ದೆ. ಅಲ್ಲಿ ಅವನ್ನು ಕಾಸಿ, ಬಾಗಿಸಿ, ಹದ ಕೊಟ್ಟು, ಕುಸಿದ ಒಂದಂಗುಲವನ್ನು ಮರಳಿಸಿದರು. ಈ ಸಲ ಬಿಚ್ಚುವುದು ಸುಲಭವಾಗಿತ್ತು, ನಟ್ಟುಗಳು ಹೊಸವು. ಅಳಿಯನೇ ಬಂದು ಕೈಜೋಡಿಸಿದ. ಮೊದಮೊದಲು ಅವನ ಮುಖ ಬಾಡಿತ್ತು. ಸಂಜೆ ಹೊತ್ತಿಗೆ ತಾನಾಗಿ ಓರೆಯವರೆಗೆ ನಡೆದುಹೋಗಿ, ಜರಿದ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದು ಬಂದು, “ಅಜ್ಜಿ ಎಡಗಡೆ ಕೂತಿದ್ದರಾ?” ಎಂದಷ್ಟೇ ಕೇಳಿದ.

ಆ ಕಲ್ಲು? ಅದನ್ನು ಹುಡುಗರಿಬ್ಬರು ಹಾರೆ ಪಿಕಾಸಿ ಹಿಡಿದು ಒಂದು ಮಧ್ಯಾಹ್ನದಲ್ಲಿ ಕಿತ್ತು ಹಾಕಿದರು. ಹೊರಗೆ ಕಾಣುತ್ತಿದ್ದುದು ಗೇಣುದ್ದ, ಒಳಗಿದ್ದುದು ಅಷ್ಟೂ ಇರಲಿಲ್ಲ. ದಿಣ್ಣೆ ಕೆತ್ತಿದ ಮಣ್ಣನ್ನೂ ತೋಟದ ಕಲ್ಲನ್ನೂ ಕೊರಕಲಿಗೆ ತುಂಬಿದೆವು. ಓರೆಯ ಅಂಚಿಗೆ ಕಲ್ಲು ಕಟ್ಟುವುದಕ್ಕೆ ಆರು ದಿನ ಹಿಡಿಯಿತು. ಎತ್ತರಿಸಲು ತಂದ ಪಟ್ಟಿಗಳಿಗೆ ತೆತ್ತುದಕ್ಕಿಂತ ಕಡಮೆ ಖರ್ಚಾಯಿತು. ಆ ಪಟ್ಟಿಗಳನ್ನು ಅಳಿಯ ಬೆಂಗಳೂರಿಗೆ ಒಯ್ದ. ತನ್ನ ಜೀಪಿಗೆ ಹಾಕಿಕೊಳ್ಳುತ್ತೇನೆಂದ. ಬೇಡವೆನ್ನಲಿಲ್ಲ, ಕಲಮಿನ ವಿಷಯ ಮಾತ್ರ ನೆನಪಿಸಿದೆ.

ಮರುವಾರ ಆಸ್ಪತ್ರೆಯ ದಿನ. ಜೀಪನ್ನು ಜಗಲಿಯ ಬಳಿ ನಿಲ್ಲಿಸಿ, ಕೈಯಲ್ಲಿ ಮಣೆ ಹಿಡಿದು ನಿಂತಿದ್ದೆ. ಅಮ್ಮ ಒಮ್ಮೆ ಮಣೆಯನ್ನೂ ಒಮ್ಮೆ ಗಾಡಿಯನ್ನೂ ನೋಡಿದಳು. ಕಂಬಿ ಹಿಡಿದು, ಒಂದು ಕಾಲಿಟ್ಟು, ಹೂಂ ಎಂದು ಏರಿ ಕುಳಿತಳು. ಸೆರಗು ಸರಿಮಾಡಿಕೊಂಡು, “ಅದನ್ನೆಂಥಕ್ಕೆ ಹಿಡ್ಕೊಂಡು ನಿಂತಿದ್ದೀಯ? ಒಳಗಿಟ್ಟು ಬಾ, ಹೊತ್ತಾಗುತ್ತೆ” ಎಂದಳು.